ಪ್ರಶ್ನೆ–ಉತ್ತರ: ಜರ್ಮನ್ ರೈಲು, ಅಮೆರಿಕದ ಪ್ಲಗ್ಗು

ಜರ್ಮನಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರು ಅಲ್ಲಿ ಸುತ್ತಾಡುವುದು ಹೇಗೆ, ಊರಿನ ಹವ್ಯಾಸಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಈ ಸಲದ ವಿಷಯ. ಪ್ರಶ್ನೆ ಕಳಿಸಿದವರಲ್ಲಿ ಜರ್ಮನ್ ಅಳಿಯ, ಸೊಸೆ, ಸಹೋದ್ಯೋಗಿಗಳಿರುವವರೇ ಹೆಚ್ಚು. ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್‌ಗಳಲ್ಲಿ ವರ್ಷಗಟ್ಟಲೆ ಇದ್ದು ಈಗ ಅಮೆರಿಕಕ್ಕೆ ವರ್ಗವಾದ ಕನ್ನಡಿಗರೂ ಇದ್ದಾರೆ. ಆಯಾ ವಿಷಯದಲ್ಲಿ ಪಳಗಿದವರಿಂದ ಉತ್ತರ ಪಡೆದಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ನಮ್ಮ ಜರ್ಮನ್ ಅಳಿಯ ತನ್ನ ಅಜ್ಜನ ಮಾರ್ಕ್ಲಿನ್ ಆಟಿಕೆ ರೈಲನ್ನು ಟೆಕ್ಸಸ್‌ನ ಆಸ್ಟಿನ್‌ಗೆ ತರಿಸಿಕೊಂಡಿದ್ದಾನೆ. ಅಡಾಪ್ಟರ್ ಸಿಕ್ಕಿಸಿ ಚಾಲೂ ಮಾಡಿದರೆ ಎಂಜಿನ್ ತೆವಳುತ್ತದೆ, ಹಿಮ್ಮುಖವಾಗಿ ಹೋಗುವುದೇ ಇಲ್ಲ. ಕೆಟ್ಟಿದೆಯೆ? — ಮೈಸೂರು

ಕೆಟ್ಟಿಲ್ಲ, ಅದಕ್ಕೆ ಸಿಗುತ್ತಿರುವ ಕರೆಂಟು ಸಾಲದು ಅಷ್ಟೆ. ಜರ್ಮನಿಯ ಮನೆಗಳಲ್ಲಿ ನಮ್ಮಲ್ಲಿರುವಂತೆಯೇ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಅಜ್ಜನ ಕಾಲದ ನೀಲಿ ಟ್ರಾನ್ಸ್‌ಫಾರ್ಮರ್ 220 ವೋಲ್ಟ್ ತೆಗೆದುಕೊಂಡು ಹಳಿಗೆ ಗರಿಷ್ಠ 16 ವೋಲ್ಟ್ ಕೊಡುವಂಥದ್ದು. 120 ಕೊಟ್ಟರೆ ಹಳಿಗೆ 9 ವೋಲ್ಟೂ ಸಿಗದು. ದಿಕ್ಕು ಬದಲಿಸಲು ಗುಂಡಿಯನ್ನು ಸೊನ್ನೆಯಿಂದ ಆಚೆಗೆ ಒತ್ತಿ ತಿರುಗಿಸಿದಾಗ 24 ವೋಲ್ಟಿನ ಒಂದು ಹೊಡೆತ ಎಂಜಿನ್ನಿನೊಳಗಿನ ರಿಲೇ ಎಂಬ ಸ್ವಿಚ್ಚಿಗೆ ಬೀಳಬೇಕು. ಈಗ ಬೀಳುತ್ತಿರುವುದು ಸುಮಾರು 13. ರಿಲೇಯ ಸ್ಪ್ರಿಂಗ್ ಅಷ್ಟಕ್ಕೆ ಜಗ್ಗುವುದಿಲ್ಲ. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ, ವೋಲ್ಟೇಜನ್ನಲ್ಲ.

ದಾರಿ ಎರಡು. 120ನ್ನು 230ಕ್ಕೆ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ತಂದು ಅದಕ್ಕೆ ಹಳೆಯದನ್ನು ಜೋಡಿಸಬಹುದು. ರೈಲಿನದು 30 ವಾಟಿನದಾದರೆ 100 ವಾಟಿನ ಸ್ಟೆಪ್-ಅಪ್ ಧಾರಾಳ. ಇಲ್ಲವೇ ಮಾರ್ಕ್ಲಿನ್‌ನವರೇ ಅಮೆರಿಕಕ್ಕೆಂದು ಮಾಡಿದ 110–120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹುಡುಕಬಹುದು, ಸೆಕೆಂಡ್‌ಹ್ಯಾಂಡ್ ಸಿಗುತ್ತವೆ. ನಮ್ಮ ಮತ ಎರಡನೆಯದಕ್ಕೆ. 220ರ ಲೆಕ್ಕದಲ್ಲಿ ಮಾಡಿದ್ದಕ್ಕೆ 230–240 ಕೊಟ್ಟರೆ ದಿಕ್ಕು ಬದಲಿಸುವ ಹೊಡೆತ 24ರಲ್ಲಿ ನಿಲ್ಲದೆ ಮೇಲೇರುತ್ತದೆ. ಅಜ್ಜನ ಎಂಜಿನ್ ಅದನ್ನು ತಡೆದುಕೊಂಡೀತು, ಆದರೆ ಮುಂದೆ ಅಳಿಯ ಡಿಜಿಟಲ್ ಡಿಕೋಡರ್ (ಆದೇಶದ ಸಂಕೇತ ಓದುವ ಸರ್ಕ್ಯೂಟ್) ಇರುವ ಹೊಸ ಎಂಜಿನ್ ಕೊಂಡು ಅದೇ ಹಳಿಯ ಮೇಲಿಟ್ಟರೆ ಮೊದಲ ಹೊಡೆತಕ್ಕೇ ಡಿಕೋಡರ್ ಸುಟ್ಟುಹೋಗಬಹುದು. ಇನ್ನು, ಹಳೆಯ ಟ್ರಾನ್ಸ್‌ಫಾರ್ಮರಿನ ವೈರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದನ್ನು ಶೋಕೇಸಿನಲ್ಲಿಡಿ. ಮಕ್ಕಳ ಕೈ ತಗಲುವ ಕಡೆ ಬೇಡವೇ ಬೇಡ. ಅಮೆರಿಕದ 110 ವೋಲ್ಟಿನದನ್ನು ರಜೆಗೆ ಮೈಸೂರಿಗೆ ತಂದು ಗೋಡೆಗೆ ಸಿಕ್ಕಿಸುವುದು ಇದಕ್ಕಿಂತ ದೊಡ್ಡ ಅನಾಹುತ: ವೋಲ್ಟೇಜ್ ಇಮ್ಮಡಿ, ಸುರುಳಿ ಹೊಗೆ.

ಕರೆಂಟು ಸರಿಯಾದ ಮೇಲೂ ಎಂಜಿನ್ ಎಳೆದಾಡಿಕೊಂಡು ಓಡಿದರೆ, ಡಬ್ಬದಲ್ಲಿ ದಶಕಗಟ್ಟಲೆ ಕೂತು ಅಂಟಾದ ಎಣ್ಣೆಯೇ ಕಾರಣ. ಹಳೆಯ ಎಣ್ಣೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿಸಿ, ಪ್ರತಿ ಬೇರಿಂಗಿಗೆ ಸೂಜಿಮೊನೆಯಷ್ಟು ತೆಳು ಎಣ್ಣೆ ಬಿಡಿ. ಹೆಚ್ಚಾದರೆ ಅದು ಮೋಟಾರಿನ ತಿರುಗುವ ತಾಮ್ರದ ಬಿಲ್ಲೆಗೆ (ಕಮ್ಯುಟೇಟರ್) ಹರಿದು, ಅದಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷನ್ನು ಹಾಳುಮಾಡುತ್ತದೆ. ತಳದಲ್ಲಿ ಉದ್ದನೆಯ ಒಂದು ತಗಡಿನ ಪಟ್ಟಿ ಇರುತ್ತದೆ, ಹಳಿಯ ನಡುವಿನ ಲೋಹದ ಗುಬ್ಬಿಗಳಿಂದ (ಸಣ್ಣ ಉಬ್ಬುಗಳಿಂದ) ಕರೆಂಟು ಹೀರುವುದು ಅದೇ. ಅದರಲ್ಲಿ ತೋಡು ಬಿದ್ದಿದ್ದರೆ ಬದಲಿಸಿ.

ಒಂದು ಮಾತು ಅಳಿಯನಿಗೆ ತಿಳಿಸಿ. ಅಮೆರಿಕದ ಅಂಗಡಿಯಲ್ಲಿ ಸಿಗುವ ಎಚ್‌ಓ ರೈಲೂ 1:87 ಅಳತೆಯದೇ, ಹಳಿಯ ಅಗಲವೂ ಅದೇ 16.5 ಮಿಲಿಮೀಟರ್. ಆದರೂ ಎರಡೂ ಕೂಡುವುದಿಲ್ಲ. ಅಲ್ಲಿಯದು ಎರಡು ಹಳಿಯ ಡಿಸಿ. ಮಾರ್ಕ್ಲಿನ್‌ನಲ್ಲಿ ಎರಡು ಹಳಿಯೂ ಒಂದೇ ತಂತಿಯಂತೆ, ನಡುವಿನ ಗುಬ್ಬಿಸಾಲು ಇನ್ನೊಂದು. ಅಮೆರಿಕದ ಎಂಜಿನ್ನನ್ನು ಮಾರ್ಕ್ಲಿನ್ ಹಳಿಯ ಮೇಲಿಟ್ಟರೆ ಅಲುಗದು. ಮಾರ್ಕ್ಲಿನ್ ಬೋಗಿಯನ್ನು ಅಮೆರಿಕದ ಹಳಿಯ ಮೇಲಿಟ್ಟರೆ ಅದರ ಲೋಹದ ಗಾಲಿಗಳು ಎರಡೂ ಹಳಿಯನ್ನು ಸೇರಿಸಿ ಶಾರ್ಟ್ ಮಾಡುತ್ತವೆ.

ವೋಲ್ಟೇಜ್ ಸರಿಮಾಡಿದ ಮೇಲೂ ಜರ್ಮನಿಯಿಂದ ತಂದ ರೆಕಾರ್ಡ್ ಪ್ಲೇಯರ್ ಹಾಡನ್ನು ಓಡಿಸುತ್ತದೆ. ನಮ್ಮ ವೆಟ್ ಗ್ರೈಂಡರಿಗೂ ಇದೇ ಗತಿಯೆ? — ಡಿಟ್ರಾಯ್ಟ್ ಸಮೀಪ, ಮಿಷಿಗನ್

ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಏರಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಹಳೆಯ ಪ್ಲೇಯರುಗಳ ಎಸಿ ಮೋಟಾರು ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುತ್ತದೆ. 50ರ ಬದಲು 60 ಸಿಕ್ಕರೆ ವೇಗ ಐದರಲ್ಲೊಂದು ಪಾಲು ಹೆಚ್ಚು: ನಿಮಿಷಕ್ಕೆ 33⅓ ಸುತ್ತಬೇಕಾದದ್ದು 40 ಸುತ್ತುತ್ತದೆ. ಗಾಯಕರೆಲ್ಲ ಹುಡುಗರ ದನಿಯಲ್ಲಿ ಹಾಡುತ್ತಾರೆ.

ನಿಮ್ಮದು ಬ್ಲ್ಯಾಕ್ ಫಾರೆಸ್ಟಿನ ಸಾಂಕ್ಟ್ ಗೇಯೋರ್ಗನ್‌ನಲ್ಲಿ ತಯಾರಾದ ಹಳೆಯ ಡ್ಯುಯಲ್ ಆದರೆ ಕೆಲಸ ಹಗುರ. ಅದರ ಅನೇಕ ಮಾದರಿಗಳಿಗೆ 50 ಮತ್ತು 60 ಹರ್ಟ್ಸ್‌ಗೆ ಬೇರೆ ಬೇರೆ ಪುಲ್ಲಿ ಇದ್ದವು. ತಟ್ಟೆ ಎತ್ತಿ, ಮೋಟಾರಿನ ಕಡ್ಡಿಯ ಮೇಲಿನ ಹಿತ್ತಾಳೆ ಪುಲ್ಲಿಯ ಸಣ್ಣ ಸ್ಕ್ರೂ ಸಡಿಲಿಸಿ, 60ರದ್ದನ್ನು ಹಾಕಿ. ಅದರ ವ್ಯಾಸ ಹಳೆಯದರ ಆರರಲ್ಲಿ ಐದು ಪಾಲು ಇರುತ್ತದೆ. ತೆಗೆಯುವ ಮುಂಚೆ ಹಳೆಯ ಪುಲ್ಲಿ ಎಷ್ಟು ಎತ್ತರದಲ್ಲಿ ಕೂತಿದೆ ಎಂದು ಅಳೆದುಕೊಳ್ಳಿ. ಹೊಸದು ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಕೂತರೂ ರಬ್ಬರ್ ಗಾಲಿ ತಪ್ಪು ಮೆಟ್ಟಿಲಿಗೆ ತಾಗುತ್ತದೆ. ಡಿಸಿ ಮೋಟಾರು, ಡೈರೆಕ್ಟ್ ಡ್ರೈವ್ ಪ್ಲೇಯರುಗಳಿಗೆ ಈ ತೊಂದರೆಯಿಲ್ಲ.

ಮಿಕ್ಸಿಗೆ ಹರ್ಟ್ಸಿನ ಗೊಡವೆಯಿಲ್ಲ. ಅದರ ಮೋಟಾರು ಕಾರ್ಬನ್ ಬ್ರಷ್ಷಿನದು. 750 ವಾಟಿನ ಮಿಕ್ಸಿಗೆ 1500 ವಾಟಿನ ಸ್ಟೆಪ್-ಅಪ್ ಇಡಿ, ಹೊರಡುವಾಗಿನ ಎಳೆತಕ್ಕೆ ಅಷ್ಟು ಬೇಕು. ವೆಟ್ ಗ್ರೈಂಡರಿನದು ಇಂಡಕ್ಷನ್ ಮೋಟಾರು. ಕಲ್ಲು ವೇಗವಾಗಿ ತಿರುಗಿ ಹಿಟ್ಟು ಬಿಸಿಯಾಗುತ್ತದೆ, ಆದರೆ ಎಳೆಯುವ ಬಲ ಮಾತ್ರ ಕುಗ್ಗುತ್ತದೆ, ತುಂಬಿದ ಉದ್ದಿನಬೇಳೆ ಹಾಕಿ ಸ್ವಿಚ್ ಒತ್ತಿದರೆ ಮುಲುಕುತ್ತ ನಿಂತೀತು. ಅಮೆರಿಕದಲ್ಲೇ 110 ವೋಲ್ಟ್, 60 ಹರ್ಟ್ಸಿನ ಗ್ರೈಂಡರ್ ಕೊಳ್ಳುವುದೇ ಲೇಸು.

ಜರ್ಮನಿಯ ರೇಡಿಯೋ ಗೋಡೆಗಡಿಯಾರವನ್ನಂತೂ ಹೊತ್ತೊಯ್ಯಬೇಡಿ. ಅದು ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗನ್‌ನಿಂದ ಬರುವ 77.5 ಕಿಲೋಹರ್ಟ್ಸ್ ಸಮಯ ಸಂಕೇತಕ್ಕೆ ಕಿವಿಗೊಡುತ್ತದೆ. ಅಮೆರಿಕದ ಸಂಕೇತ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಿಂದ 60 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ.

ಫ್ರಾಂಕ್‌ಫರ್ಟ್‌ನ ರೈ ಎಂಬ ಧಾನ್ಯದ ಬ್ರೆಡ್ಡಿನ ರುಚಿ ಹತ್ತಿದೆ. ಡೆನ್ವರ್‌ನಲ್ಲಿ ಸಿಗುವ ರೈ ಬ್ರೆಡ್ ಬಣ್ಣದಲ್ಲಷ್ಟೇ ರೈ. ಜರ್ಮನ್ ಗೆಳತಿಯೊಬ್ಬಳ ವಿಧಾನದಲ್ಲಿ ಮನೆಯಲ್ಲೇ ಮಾಡಿದರೆ ಒಳಗೆ ಅಂಟಂಟು. — ಡೆನ್ವರ್, ಕೊಲರಾಡೊ

ಅಂಗಡಿಯದರ ಬಗ್ಗೆ ನಿಮ್ಮ ಅನುಮಾನ ಸರಿ. ಅಮೆರಿಕದ ಸೂಪರ್‌ಮಾರ್ಕೆಟ್ಟಿನ ರೈ ಬ್ರೆಡ್ಡಿನಲ್ಲಿ ಬಹುಪಾಲು ಗೋಧಿಹಿಟ್ಟು. ರೈಯ ಭ್ರಮೆ ಹುಟ್ಟಿಸುವುದು ಶಾಜೀರಿಗೆಯಂಥ ಕ್ಯಾರವೇ ಕಾಳು, ಕಪ್ಪು ಬಣ್ಣಕ್ಕೆ ಕ್ಯಾರಮೆಲ್ಲೋ ಕಾಕಂಬಿಯೋ.

ಮೊದಲು ಹಿಟ್ಟು. ಜರ್ಮನ್ ಚೀಲದ ಮೇಲಿನ 405, 550, 1150 ಎಂಬ ಸಂಖ್ಯೆಗಳು ಬೂದಿಯ ಲೆಕ್ಕ: 100 ಗ್ರಾಂ ಒಣ ಹಿಟ್ಟನ್ನು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂಬುದು. ಸಂಖ್ಯೆ ಹೆಚ್ಚಿದಷ್ಟೂ ತೌಡು ಹೆಚ್ಚು. ಅಮೆರಿಕದ ಚೀಲದ ಮೇಲೆ ಲೈಟ್, ಮೀಡಿಯಂ, ಡಾರ್ಕ್ ಎಂದಿರುತ್ತದೆ, ಒಂದು ಗಿರಣಿಯ ಡಾರ್ಕ್ ಇನ್ನೊಂದರ ಡಾರ್ಕ್ ಅಲ್ಲ. ಗೆಳತಿಯ ವಿಧಾನದಲ್ಲಿ ರೈ 1150 ಎಂದಿದ್ದರೆ ಮೀಡಿಯಂ ರೈ ಹತ್ತಿರದ್ದು. ಪಂಪರ್‌ನಿಕಲ್ ಎಂದು ಮಾರುವುದು ತರಿತರಿಯಾದ ಇಡೀ ಕಾಳಿನ ಹಿಟ್ಟು, ಅದಕ್ಕೆ ನೀರು ಹೆಚ್ಚು ಬೇಕು.

ಅಂಟಿಗೆ ಕಾರಣ ಹುಳಿಯ ಕೊರತೆ. ರೈ ಹಿಟ್ಟು ಗೋಧಿಯಂತೆ ನಾರುಬಲೆ ಕಟ್ಟುವುದಿಲ್ಲ. ಬ್ರೆಡ್ಡನ್ನು ಹಿಡಿದು ನಿಲ್ಲಿಸುವುದು ಅದರ ಪಿಷ್ಟ ಮತ್ತು ನೀರು ಹೀರುವ ನಾರಿನಂಶವಾದ ಪೆಂಟೋಸಾನ್‌ಗಳು. ಓವನ್ನಿನಲ್ಲಿ ಬಿಸಿಯೇರುವಾಗ ಅಮೈಲೇಸ್ ಎಂಬ ಕಿಣ್ವ ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತ ಹೋಗುತ್ತದೆ. ಹಿಟ್ಟು ಸಾಕಷ್ಟು ಹುಳಿಯಾಗಿದ್ದರೆ ಕಿಣ್ವದ ಕೈ ಕಟ್ಟಿದಂತೆ, ಇಲ್ಲದಿದ್ದರೆ ಒಳಗೆಲ್ಲ ಗೋಂದು. ಹಾಗಾಗಿ ರೈಯನ್ನು ಬರೀ ಪ್ಯಾಕೆಟ್ ಯೀಸ್ಟಿನಿಂದ ಉಬ್ಬಿಸುವ ವಿಧಾನಗಳನ್ನು ನಂಬಬೇಡಿ.

70 ಪಾಲು ರೈ, 30 ಪಾಲು ಗೋಧಿಯ ಲೆಕ್ಕ ಹೀಗೆ. ಹಿಂದಿನ ಸಂಜೆ 350 ಗ್ರಾಂ ರೈ ಹಿಟ್ಟು, 350 ಗ್ರಾಂ ಉಗುರುಬೆಚ್ಚಗಿನ ನೀರು, ಚುರುಕಾಗಿರುವ ಹುಳಿಹೆಪ್ಪು (ಹಿಟ್ಟು–ನೀರು ಹುದುಗಿಸಿ ಮಾಡಿದ ಹೆಪ್ಪು) 35 ಗ್ರಾಂ ಕಲಸಿ, 26 ಡಿಗ್ರಿಯಲ್ಲಿ 14ರಿಂದ 16 ಗಂಟೆ ಬಿಡಿ. ಡೆನ್ವರ್‌ನ ಚಳಿಗಾಲದಲ್ಲಿ ದೀಪ ಮಾತ್ರ ಹೊತ್ತಿಸಿದ ಓವನ್ ಒಳ್ಳೆಯ ಜಾಗ, ಥರ್ಮಾಮೀಟರ್ ಇಟ್ಟು ನೋಡಿ. ಬೆಳಿಗ್ಗೆ ಅದರಿಂದ 35 ಗ್ರಾಂ ಎತ್ತಿ ಮುಂದಿನ ಸಲಕ್ಕೆ ಫ್ರಿಜ್ಜಿನಲ್ಲಿಡಿ. ಉಳಿದದ್ದಕ್ಕೆ 350 ಗ್ರಾಂ ರೈ, 300 ಗ್ರಾಂ ಗೋಧಿಯ ಬ್ರೆಡ್ ಫ್ಲೋರ್, 400 ಗ್ರಾಂ ನೀರು, 20 ಗ್ರಾಂ ಉಪ್ಪು. ನಿಧಾನ ವೇಗದಲ್ಲಿ 6–8 ನಿಮಿಷ ಕಲಸಿದರೆ ಸಾಕು. ಹದ ಬಂದಾಗ ಅದು ಚಪಾತಿ ಹಿಟ್ಟಿನಂತೆ ಇರದೆ ನೀರು ತುಸು ಹೆಚ್ಚಾದ ರಾಗಿಮುದ್ದೆಯಂತೆ ಕೈಗೆ ಹತ್ತುತ್ತದೆ. ಗಾಬರಿಯಾಗಿ ಹಿಟ್ಟು ಸೇರಿಸಬೇಡಿ. ಅರ್ಧ ಗಂಟೆ ಬಿಟ್ಟು, ಒದ್ದೆ ಕೈಯಲ್ಲಿ ಎರಡು ಉಂಡೆ ಮಾಡಿ, ಮೇಲೆ ರೈ ಹಿಟ್ಟು ಉದುರಿಸಿ, ಬೆಚ್ಚಗೆ 60–75 ನಿಮಿಷ ಉಬ್ಬಲು ಬಿಡಿ. ಉದುರಿಸಿದ ಹಿಟ್ಟಿನ ಮೇಲೆ ಕೂದಲೆಳೆಯ ಬಿರುಕು ಕಂಡಾಗ ಓವನ್ನಿಗೆ: 250 ಡಿಗ್ರಿ, ಅಂದರೆ ನಿಮ್ಮ ಓವನ್ನಿನ 480 ಫ್ಯಾರನ್‌ಹೀಟ್, ಹಬೆಯೊಂದಿಗೆ 15 ನಿಮಿಷ. ಆಮೇಲೆ ಬಾಗಿಲು ತೆರೆದು ಹಬೆ ಬಿಟ್ಟು, 200ಕ್ಕೆ (390 ಫ್ಯಾರನ್‌ಹೀಟ್) ಇಳಿಸಿ 40–45 ನಿಮಿಷ. ಗ್ಯಾಸ್ ಓವನ್ ಹಬೆಯನ್ನು ಹಿಡಿದಿಡುವುದಿಲ್ಲ, ಮುಚ್ಚಳವಿರುವ ಎರಕದ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ.

ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬ್ರೆಡ್ಡಿನ ಒಳಗಿನ ಬಿಸಿ 97 ಡಿಗ್ರಿ ಆಗಲಿ ಎಂದು ಜರ್ಮನ್ ಪುಸ್ತಕ ಹೇಳಿದರೆ ನೀವು ಮುಗಿಯದ ಕಾಯುವಿಕೆ ಕಾಯುತ್ತೀರಿ, 93ಕ್ಕೆ ತೆಗೆಯಿರಿ. ಹಿಟ್ಟು ಬೇಗ ಉಬ್ಬುತ್ತದೆ ಕೂಡ, ಕೊನೆಯ ಉಬ್ಬುವಿಕೆಯನ್ನು 45ನೆಯ ನಿಮಿಷದಿಂದಲೇ ನೋಡುತ್ತಿರಿ.

ಇಷ್ಟಾದರೂ ತಳದಲ್ಲಿ ಅಂಟಿನ ಗೆರೆ ಬಂದರೆ ಅರ್ಧ ಪಾಲು ತಪ್ಪು ಚಾಕುವಿನದು. ಈ ಬ್ರೆಡ್ಡನ್ನು 24 ಗಂಟೆ ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆಯೇ ಕೊಯ್ಯಬೇಕು. ಮೇಲಿನ ಸಿಪ್ಪೆ ತಿರುಳಿನಿಂದ ಬಿಟ್ಟು ಗುಹೆಯಾದರೆ ಹುಳಿ ಸಾಲದು. ಪಕ್ಕ ಸೀಳಿದರೆ ಉಬ್ಬಿದ್ದು ಸಾಲದು.

ಜರ್ಮನಿಗೆ ಹೋಗಿಬರುವಾಗ ಹುಳಿಹೆಪ್ಪು, ಸಾಸೇಜ್ ಅಮೆರಿಕಕ್ಕೆ ತರಬಹುದೆ? — ಸಿಯಾಟಲ್

ಹೆಪ್ಪನ್ನು ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಪುಡಿಮಾಡಿ ತನ್ನಿ. 10 ಗ್ರಾಂ ಸಾಕು, ಮೂರು ನಾಲ್ಕು ದಿನ ಹಿಟ್ಟು ನೀರು ಕೊಟ್ಟರೆ ಏಳುತ್ತದೆ. ಬ್ರೆಡ್, ಗಟ್ಟಿ ಚೀಸ್‌ಗೆ ಅಡ್ಡಿಯಿಲ್ಲ. ಮಾಂಸದ ಸಾಸೇಜ್, ಹ್ಯಾಮ್ ಕಸ್ಟಮ್ಸ್‌ನವರ ಕಸದ ಡಬ್ಬಕ್ಕೆ. ನಮ್ಮ ಹಸಿ ಕರಿಬೇವೂ ಅದೇ ಡಬ್ಬಕ್ಕೆ, ಏಕೆಂದರೆ ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ. ಏನೇ ಇರಲಿ, ಫಾರಮ್ಮಿನಲ್ಲಿ ತೋರಿಸಿ. ತೋರಿಸಿದ್ದನ್ನು ಕಿತ್ತುಕೊಳ್ಳುತ್ತಾರೆ ಅಷ್ಟೆ, ಮುಚ್ಚಿಟ್ಟದ್ದಕ್ಕೆ ದಂಡ. ಒಳಗೆ ಆಟಿಕೆಯಿರುವ ಕಿಂಡರ್ ಚಾಕೊಲೇಟ್ ಮೊಟ್ಟೆಗೂ ಅಮೆರಿಕದಲ್ಲಿ ನಿಷೇಧವಿದೆ, ಮಕ್ಕಳಿಗೆ ಮೊದಲೇ ಹೇಳಿಡಿ.

ಜುಲೈನಲ್ಲಿ ಜರ್ಮನ್ ಸಹೋದ್ಯೋಗಿಯ ಕುಟುಂಬದೊಂದಿಗೆ ಡೆತ್ ವ್ಯಾಲಿಗೆ ಹೊರಟಿದ್ದೇವೆ. ಅವರು ಆಲ್ಪ್ಸ್ ಹತ್ತಿದವರು, ಏನೂ ಆಗದು ಅನ್ನುತ್ತಾರೆ. — ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಆಲ್ಪ್ಸ್‌ನ ಅನುಭವವೇ ಇಲ್ಲಿ ದಾರಿ ತಪ್ಪಿಸುವುದು. ಅಲ್ಲಿ ಬಣ್ಣ ಬಳಿದ ದಾರಿಗುರುತು, ದಿನದ ನಡಿಗೆಗೊಂದು ಪರ್ವತ ಕ್ಲಬ್ಬಿನ ಗುಡಿಸಲು, ಕೆಳಗೆ ನೋಡಿದರೆ ಹಳ್ಳಿ. ಡೆತ್ ವ್ಯಾಲಿ ಎಂಬ ಮರುಭೂಮಿಯ ಉದ್ಯಾನ ಕೊಡಗು ಜಿಲ್ಲೆಯ ಮೂರು ಪಟ್ಟಿಗಿಂತ ದೊಡ್ಡದು, ಅದರ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅಲ್ಲಿಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಇವತ್ತಿಗೂ ಅಧಿಕೃತ ವಿಶ್ವದಾಖಲೆ. 1996ರ ಜುಲೈನಲ್ಲಿ ಜರ್ಮನಿಯ ನಾಲ್ವರು ಪ್ರವಾಸಿಗರು ಬಾಡಿಗೆ ಮಿನಿವ್ಯಾನಿನಲ್ಲಿ ಇಲ್ಲಿನ ಕಚ್ಚಾ ದಾರಿಗೆ ಇಳಿದು ಕಾಣೆಯಾದರು. ಟೈರು ಚಪ್ಪಟೆಯಾದ ವ್ಯಾನು ಅಕ್ಟೋಬರಿನಲ್ಲಿ ಒಂದು ಕಣಿವೆಯಲ್ಲಿ ಸಿಕ್ಕಿತು. ಅವರಲ್ಲಿ ದೊಡ್ಡವರಿಬ್ಬರದೆನ್ನಲಾದ ಅವಶೇಷಗಳು ಸಿಕ್ಕಿದ್ದು 2009ರಲ್ಲಿ, ಅಲ್ಲಿಂದ ಮೈಲುಗಟ್ಟಲೆ ದೂರದಲ್ಲಿ.

ಹಾಗಾಗಿ ಮೊದಲನೆಯದು: ಡಾಂಬರು ಬಿಡಬೇಡಿ. ಬಾಡಿಗೆ ಎಸ್‌ಯುವಿ ಎತ್ತರವಾಗಿ ಕಂಡರೂ ಅನೇಕವು ಎರಡೇ ಚಕ್ರಕ್ಕೆ ಬಲವಿರುವವು, ಟೈರು ಪಟ್ಟಣದ್ದು. ಬಾಡಿಗೆ ಕರಾರು ಸಾಮಾನ್ಯವಾಗಿ ಕಚ್ಚಾ ರಸ್ತೆಯನ್ನು ನಿಷೇಧಿಸಿರುತ್ತದೆ, ಅಲ್ಲಿ ನಿಂತರೆ ಎಳೆದು ತರುವ ಖರ್ಚು ನಿಮ್ಮದೇ. ನಕ್ಷೆಯ ತುಂಡುಗೆರೆಯನ್ನು ಜಿಪಿಎಸ್ ರಸ್ತೆ ಎಂದೇ ತಿಳಿಯುತ್ತದೆ.

ನೀರು ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್, ಅದರ ಮೇಲೆ ಕಾರಿಗಾಗಿ ಮತ್ತು ಒಂದು ದಿನ ಸಿಕ್ಕಿಕೊಂಡರೆ ಎಂದು ಇನ್ನಷ್ಟು. ಬರೀ ನೀರು ಕುಡಿಯುತ್ತ ಹೋದರೆ ಉಪ್ಪು ಇಳಿದು ತಲೆಸುತ್ತು ಬರುತ್ತದೆ, ಖಾರಾ ಕಡಲೆಯೋ ಚಿಪ್ಸೋ ಜೊತೆಗಿರಲಿ. ಪೆಟ್ರೋಲ್ ಫರ್ನೆಸ್ ಕ್ರೀಕ್, ಸ್ಟೋವ್‌ಪೈಪ್ ವೆಲ್ಸ್, ಪಾನಮಿಂಟ್ ಸ್ಪ್ರಿಂಗ್ಸ್‌ಗಳಲ್ಲಿ ಸಿಗುತ್ತದೆ, ಬೆಲೆ ಚುರುಕು, ಟ್ಯಾಂಕ್ ತುಂಬಿಸಿಕೊಂಡೇ ಒಳಗೆ ಹೋಗಿ. ಘಾಟಿ ಏರುವಾಗ ಎಂಜಿನ್ ಬಿಸಿ ಮುಳ್ಳು ಮೇಲೆದ್ದರೆ ಎಸಿ ಆರಿಸಿ, ಹೀಟರ್ ಹಾಕಿ. ಹಿಂಸೆಯೇ, ಆದರೆ ಎಂಜಿನ್ನಿನ ಶಾಖ ಹೊರಹೋಗಲು ಅದೂ ಒಂದು ದಾರಿ. ನಡಿಗೆಯೆಲ್ಲ ಬೆಳಿಗ್ಗೆ 10ರೊಳಗೆ ಮುಗಿಯಲಿ. ಕಾರು ನಿಂತುಹೋದರೆ ಅದನ್ನು ಬಿಟ್ಟು ನಡೆಯಬೇಡಿ: ಹುಡುಕುವವರಿಗೆ ಮೇಲಿನಿಂದ ಕಾಣುವುದು ಕಾರು. ಐಫೋನ್ 14 ಮತ್ತು ನಂತರದವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಅದರ ಡೆಮೊವನ್ನು ಮನೆಯಲ್ಲೇ ಒಮ್ಮೆ ಮಾಡಿನೋಡಿ. ಸಂದೇಶ ತಲುಪಿದರೂ ವಿಪರೀತ ಬಿಸಿಯಲ್ಲಿ ಗಾಳಿ ತೆಳುವಾಗಿ ರಕ್ಷಣಾ ಹೆಲಿಕಾಪ್ಟರ್ ಏರಲಾರದು ಎಂಬುದು ನೆನಪಿರಲಿ.

ನಮ್ಮನ್ನು ಕೇಳಿದರೆ ಜುಲೈಗೆ ಈ ಊರೇ ಬೇಡ. ಜರ್ಮನ್ ಶಾಲೆಗಳ ಬೇಸಿಗೆ ರಜೆಯ ಅಭ್ಯಾಸದಿಂದ ಅವರು ಆ ತಿಂಗಳು ಹಿಡಿಯುತ್ತಾರೆ. ಸ್ಯಾನ್ ಹೋಸೆಯಲ್ಲೇ ಇರುವವರಿಗೆ ಫೆಬ್ರವರಿಯಲ್ಲಿ ಹೋಗಲು ಏನು ಅಡ್ಡಿ?

ಅಮೆರಿಕದಲ್ಲಿ ಕೆಲಸ ಮಾಡುವ ಜರ್ಮನ್ ಪ್ರಜೆ ರಾಷ್ಟ್ರೀಯ ಉದ್ಯಾನಗಳಲ್ಲಿ ವಿದೇಶಿಯ ದರ ಕೊಡಬೇಕೆ? — ಬೆಂಗಳೂರು

2026ರ ಜನವರಿ 1ರಿಂದ ವಾರ್ಷಿಕ ಪಾಸು ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಪಾಸಿಲ್ಲದ ಹೊರಗಿನವರು ಯೋಸೆಮಿಟಿ, ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್, ಜಯಾನ್ ಸೇರಿ 11 ಉದ್ಯಾನಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ಅಲ್ಲಿ ನೆಲೆಸಿದವರು ಜರ್ಮನ್ ಪಾಸ್‌ಪೋರ್ಟ್ ತೋರಿಸದೆ ತಮ್ಮ ರಾಜ್ಯದ ಡ್ರೈವಿಂಗ್ ಲೈಸೆನ್ಸನ್ನೋ ಗ್ರೀನ್ ಕಾರ್ಡನ್ನೋ ತೋರಿಸಬೇಕು. ಆದ್ದರಿಂದ ಊರು ಸೇರಿದ ಕೂಡಲೇ ಲೈಸೆನ್ಸ್ ಮಾಡಿಸುವುದು ಪ್ರವಾಸಕ್ಕೂ ಲಾಭ. ಟೆಕ್ಸಸ್, ಮಿಷಿಗನ್‌ನಂಥ ರಾಜ್ಯಗಳು ಜರ್ಮನ್ ಲೈಸೆನ್ಸನ್ನು ಡ್ರೈವಿಂಗ್ ಪರೀಕ್ಷೆಯಿಲ್ಲದೆ ಬದಲಿಸಿಕೊಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಜರ್ಮನರೂ ಪರೀಕ್ಷೆ ಬರೆಯಬೇಕು, ಗಾಡಿ ಓಡಿಸಿ ತೋರಿಸಬೇಕು.

ರೂಟ್ 66 ಪೂರ್ತಿ ಬೈಕಿನಲ್ಲಿ ಹೋಗಬೇಕೆಂಬುದು ನನ್ನ ಜರ್ಮನ್ ಮೇಲಧಿಕಾರಿಯ ಕನಸು, ನನ್ನನ್ನೂ ಕರೆದಿದ್ದಾರೆ. ಎರಡು ವಾರ ಸಾಕೆ? — ಚಿಕಾಗೊ

ಜರ್ಮನಿಯಲ್ಲಿ ವರ್ಷಕ್ಕೆ 28–30 ದಿನ ರಜೆ ಮಾಮೂಲು. ಅಮೆರಿಕದಲ್ಲಿ ಸಂಬಳಸಹಿತ ರಜೆ ಕೊಡಲೇಬೇಕೆಂಬ ಫೆಡರಲ್ ಕಾನೂನೇ ಇಲ್ಲ. ಎರಡು ವಾರ ಸಿಕ್ಕಿದ್ದೇ ಪುಣ್ಯ.

ದಾರಿ 1926ರದು, ಚಿಕಾಗೊದಿಂದ ಸಾಂಟಾ ಮೋನಿಕಾವರೆಗೆ ಎಂಟು ರಾಜ್ಯ, ಸುಮಾರು 3,940 ಕಿಲೋಮೀಟರ್. 14 ದಿನಕ್ಕೆ ಹಂಚಿದರೆ ದಿನಕ್ಕೆ 280. ಹೆದ್ದಾರಿಯಲ್ಲಿ ಅದು ಮೂರು ಗಂಟೆಯ ಮಾತು, ಆದರೆ ಈ ದಾರಿಯನ್ನು 1985ರಲ್ಲೇ ಹೆದ್ದಾರಿ ಪಟ್ಟಿಯಿಂದ ತೆಗೆದುಹಾಕಿದ್ದಾರೆ, ತುಂಡುತುಂಡಾಗಿ ಹುಡುಕಿಕೊಂಡು ಹೋಗಬೇಕು. ದಿನಕ್ಕೆ ಏಳು ಗಂಟೆ ಲೆಕ್ಕ ಹಾಕಿ. ಇಲಿನಾಯ್, ಮಿಸೌರಿಗಳಲ್ಲಿ ಬೇಗ ಬೇಗ ಸಾಗಿ ಉಳಿಸಿದ ದಿನಗಳನ್ನು ಅರಿಜೋನಾಕ್ಕೆ ಇಡಿ. ಸೆಲಿಗ್‌ಮನ್‌ನಿಂದ ಕಿಂಗ್‌ಮನ್, ಅಲ್ಲಿಂದ ಓಟ್‌ಮನ್‌ವರೆಗೆ ಹಳೆಯ ರಸ್ತೆ ಹೆಚ್ಚುಕಡಿಮೆ ಮೂಲರೂಪದಲ್ಲೇ ಉಳಿದಿದೆ. ಓಟ್‌ಮನ್‌ಗೆ ಇಳಿಯುವ ಸಿಟ್‌ಗ್ರೀವ್ಸ್ ಘಾಟಿಯ ಹೇರ್‌ಪಿನ್ ತಿರುವುಗಳಿಗೆ ತಡೆಗೋಡೆಯ ಭರವಸೆಯಿಲ್ಲ, ಊರಿನ ಬೀದಿಯಲ್ಲಿ ಕತ್ತೆಗಳು ದಾರಿ ಬಿಡುವುದಿಲ್ಲ. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಸರಿಯಾದ ಕಾಲ.

ಲೈಸೆನ್ಸ್ ಬದಲಿಸಿಕೊಂಡಾಗ ಬೈಕಿನ ವರ್ಗ ತಾನಾಗಿ ಸೇರಿರುತ್ತದೆಂದು ನಂಬಬೇಡಿ, ಹೊಸ ಕಾರ್ಡಿನಲ್ಲಿ ಎಂ ಅಕ್ಷರವಿದೆಯೇ ನೋಡಿ. ಇಲ್ಲದಿದ್ದರೆ ಬಾಡಿಗೆಯವರು ಕೀಲಿ ಕೊಡುವುದಿಲ್ಲ. ಇಲಿನಾಯ್‌ನಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ. ಒಂದೂರಲ್ಲಿ ಎತ್ತಿ ಇನ್ನೊಂದೂರಲ್ಲಿ ಬಿಡುವ ಶುಲ್ಕವನ್ನು ಬಾಡಿಗೆಯ ಜೊತೆಗೇ ಕೇಳಿ ತಿಳಿಯಿರಿ.

ಅಮೆರಿಕದ ‘ಜರ್ಮನ್ ಊರು’ಗಳಲ್ಲಿ ನಿಜವಾದವು ಯಾವುವು? — ಧಾರವಾಡ

ಜರ್ಮನ್ ಮೂಲದವರೆಂದು ಹೇಳಿಕೊಳ್ಳುವ ಅಮೆರಿಕನ್ನರು 4 ಕೋಟಿಗೂ ಹೆಚ್ಚು, ಹಾಗಾಗಿ ಊರುಗಳಿಗೇನು ಕಮ್ಮಿ. ವಾಷಿಂಗ್ಟನ್ ರಾಜ್ಯದ ಲೆವನ್‌ವರ್ತ್ ನೋಡಲು ಬವೇರಿಯಾದ ಪಡಿಯಚ್ಚು, ಆದರೆ ಅದು ಮರದ ಮಿಲ್ಲು ಮುಚ್ಚಿ ಸೊರಗಿದ್ದ ಊರು 1960ರ ದಶಕದಲ್ಲಿ ಪ್ರವಾಸಿಗರಿಗಾಗಿ ತೊಟ್ಟ ವೇಷ. ಜಾರ್ಜಿಯಾದ ಹೆಲೆನ್ ಕೂಡ ಅಂಥದ್ದೇ. ಜರ್ಮನ್ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದರೆ ನಗುತ್ತಾರೆ.

ನಿಜವಾದವು ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ (1845) ಮತ್ತು ಫ್ರೆಡರಿಕ್ಸ್‌ಬರ್ಗ್ (1846), ಮಿಸೌರಿಯ ದ್ರಾಕ್ಷಿತೋಟಗಳ ಹರ್ಮನ್ (1837), ಮಿಷಿಗನ್‌ನ ಫ್ರಾಂಕನ್‌ಮುತ್ (1845). ಫ್ರೆಡರಿಕ್ಸ್‌ಬರ್ಗಿನಲ್ಲಿ ಬೀದಿಯ ಸಾಸೇಜ್ ಅಂಗಡಿ ಬಿಟ್ಟು ಒಳಗಲ್ಲಿಗೆ ಹೋಗಿ, ‘ಭಾನುವಾರದ ಮನೆ’ಗಳನ್ನು ನೋಡಿ: ದೂರದ ಹೊಲಗಳಲ್ಲಿದ್ದ ರೈತರು ವಾರದ ಕೊನೆಗೆ ಸಂತೆ, ಚರ್ಚಿಗೆ ಬಂದಾಗ ತಂಗಲು ಕಟ್ಟಿಕೊಂಡ ಪುಟ್ಟ ಮನೆಗಳು. ಐಯೋವಾದ ಅಮಾನಾದ ಏಳು ಹಳ್ಳಿಗಳದು ಇನ್ನೂ ಸ್ವಾರಸ್ಯ. 1850ರ ದಶಕದಿಂದ 1932ರವರೆಗೆ ಅಲ್ಲಿ ಹೊಲ, ಅಡುಗೆಮನೆ ಎಲ್ಲವೂ ಸಮುದಾಯದ್ದು, ಮನೆಗಳಲ್ಲಿ ಅಡುಗೆಕೋಣೆಯೇ ಇರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿನ ದ್ವೇಷದಿಂದ ಇಂಥ ಊರುಗಳಲ್ಲಿ ಶಾಲೆಯ ಜರ್ಮನ್ ನಿಂತುಹೋಯಿತು. ನೆಬ್ರಾಸ್ಕಾ 1919ರಲ್ಲಿ ಎಳೆಯ ಮಕ್ಕಳಿಗೆ ವಿದೇಶಿ ಭಾಷೆ ಕಲಿಸುವುದನ್ನೇ ಅಪರಾಧವಾಗಿಸಿತ್ತು, 1923ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಟೆಕ್ಸಸ್ ಜರ್ಮನ್ ಆಡುವವರು ಈಗ ಮುದುಕರು ಮಾತ್ರ.

ಹವ್ಯಾಸದ ಬ್ರೆಡ್ಡನ್ನು ಸಂತೆಯಲ್ಲಿ ಮಾರಬಹುದೆ? ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಕೆನಡಾ ಸುತ್ತಿಬರಬಹುದೆ? — ಬಫಲೋ, ನ್ಯೂಯಾರ್ಕ್

ಬಹುತೇಕ ರಾಜ್ಯಗಳು ಮನೆಯ ಬ್ರೆಡ್ ಮಾರಲು ಬಿಡುತ್ತವೆ, ವೀಸಾ ಬಿಡುವುದಿಲ್ಲ. ಎಚ್-1ಬಿಯವರು ದುಡಿಯಬಹುದಾದದ್ದು ಅರ್ಜಿ ಹಾಕಿದ ಕಂಪನಿಗೆ ಮಾತ್ರ. ಅವರ ಸಂಗಾತಿಯ ಎಚ್-4ಕ್ಕೆ ಪ್ರತ್ಯೇಕ ಕೆಲಸದ ಪರವಾನಗಿ ಬೇಕು. ಕಂಪನಿಯೊಳಗೇ ವರ್ಗವಾಗಿ ಬಂದ ಎಲ್-1ರವರ ಸಂಗಾತಿಯ ಐ-94ರಲ್ಲಿ (ಅಮೆರಿಕದೊಳಗೆ ಬಂದಾಗ ಸಿಗುವ ಪ್ರವೇಶ ದಾಖಲೆ) ‘ಎಲ್-2ಎಸ್’ ಎಂದಿದ್ದರೆ ಅಡ್ಡಿಯಿಲ್ಲ. ಬ್ರೆಡ್ಡನ್ನು ಹಂಚಿ, ಹಣ ಪಡೆಯಬೇಡಿ.

ಕೆನಡಾಕ್ಕೆ 30 ದಿನದೊಳಗಿನ ಪ್ರವಾಸವಾದರೆ, ಐ-94ರ ಅವಧಿ ಇನ್ನೂ ಇದ್ದು, ಅಲ್ಲಿದ್ದಾಗ ಹೊಸ ಅಮೆರಿಕನ್ ವೀಸಾಕ್ಕೆ ಅರ್ಜಿ ಹಾಕದಿದ್ದರೆ ಮುಗಿದ ಮುದ್ರೆಯಲ್ಲೇ ವಾಪಸಾಗಬಹುದು. ಐ-94 ಮುದ್ರಿಸಿ ಇಟ್ಟುಕೊಳ್ಳಿ, ಈ ನಿಯಮ ತಿಳಿಯದ ವಿಮಾನ ಸಿಬ್ಬಂದಿ ಹತ್ತಿಸಿಕೊಳ್ಳಲು ತಕರಾರು ಮಾಡುವುದುಂಟು. ರಸ್ತೆಯಲ್ಲಿ ಬರುವುದು ಸಲೀಸು. ಜರ್ಮನ್ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಡ, ಭಾರತೀಯರಿಗೆ ಬೇಕು. ಒಂದೇ ಕಾರಿನಲ್ಲಿ ಹೊರಟವರು ಇದನ್ನು ಗಡಿಯಲ್ಲಿ ಕಂಡುಕೊಳ್ಳುವುದು ಬೇಡ.

ಜರ್ಮನ್ ಗೆಳೆಯರು ಸ್ಕಾಟ್ ಎಂಬ ಇಸ್ಪೀಟಾಟಕ್ಕೆ ಮೂರನೆಯವನಾಗಿ ಕರೆಯುತ್ತಾರೆ. ನನಗೆ ಗೊತ್ತಿರುವುದು ಇಪ್ಪತ್ತೆಂಟು ಮಾತ್ರ. — ಮಂಗಳೂರಿನವರು, ಈಗ ಹ್ಯೂಸ್ಟನ್

ಅರ್ಧ ದಾರಿ ಬಂದಿದ್ದೀರಿ. ಎರಡಕ್ಕೂ 7ರಿಂದ ಎಕ್ಕದವರೆಗಿನ 32 ಎಲೆ, ಎರಡರಲ್ಲೂ ಗುಲಾಮನೇ ದೊಡ್ಡವನು, ಎರಡರಲ್ಲೂ ಹರಾಜು. ಸ್ಕಾಟ್ 1810ರ ದಶಕದಲ್ಲಿ ಆಲ್ಟನ್‌ಬುರ್ಗ್ ಊರಿನಲ್ಲಿ ರೂಪುಗೊಂಡದ್ದು. ಹಂಚುವುದು ತಲೆಗೆ ಮೂರು, ನಡುವೆ ಎರಡು ಎಲೆ ಮುಚ್ಚಿ, ಮತ್ತೆ ನಾಲ್ಕು, ಮತ್ತೆ ಮೂರು. ಹರಾಜು ಗೆದ್ದವನು ಆ ಎರಡನ್ನು ಎತ್ತಿಕೊಂಡು ಬೇರೆ ಎರಡನ್ನು ಇಡುತ್ತಾನೆ, ಉಳಿದಿಬ್ಬರು ಅವನ ವಿರುದ್ಧ ಒಂದಾಗುತ್ತಾರೆ. ಎಕ್ಕ 11, ಹತ್ತು 10, ರಾಜ 4, ರಾಣಿ 3, ಗುಲಾಮ 2, ಒಟ್ಟು 120. ಗೆಲ್ಲಲು 61 ಬೇಕು.

ಇಪ್ಪತ್ತೆಂಟರವರು ಎಡವುವುದು ಎರಡು ಕಡೆ. ಒಂಬತ್ತಕ್ಕೆ ಇಲ್ಲಿ ಬೆಲೆಯಿಲ್ಲ, ಅದು ರಾಣಿಗಿಂತ ಕೆಳಗೆ. ನಾಲ್ಕೂ ಗುಲಾಮರು ತಮ್ಮ ಬಣ್ಣ ಬಿಟ್ಟು ತುರುಫಿಗೆ ಸೇರಿಬಿಡುತ್ತಾರೆ, ಕಳಾವರ, ಇಸ್ಪೀಟು, ಆಠೀನು, ಡೈಮನ್ ಈ ಕ್ರಮದಲ್ಲಿ. ಹೀಗಾಗಿ ಆಠೀನಿನ ಆಟಕ್ಕೆ ಡೈಮನ್ ಗುಲಾಮ ಇಳಿದರೂ ಅದು ತುರುಫೇ.

ಹರಾಜಿನ ಕೂಗು ಅಂಕದ್ದಲ್ಲ, ಆಟದ ಬೆಲೆಯದು. ಡೈಮನ್ 9, ಆಠೀನು 10, ಇಸ್ಪೀಟು 11, ಕಳಾವರ 12. ಕಳಾವರ ಗುಲಾಮನಿಂದ ಎಣಿಸಿ, ನಡುವೆ ಬಿಡದೆ ಕೈಯಲ್ಲಿ ಎಷ್ಟು ದೊಡ್ಡ ತುರುಫುಗಳಿವೆಯೋ ಅದಕ್ಕೆ ಒಂದು ಸೇರಿಸಿ ಗುಣಿಸಬೇಕು. ಕಳಾವರ, ಇಸ್ಪೀಟು ಗುಲಾಮರಿದ್ದು ಆಠೀನು ಗುಲಾಮ ಇಲ್ಲದಿದ್ದರೆ ಎರಡಕ್ಕೆ ಒಂದು ಸೇರಿ ಮೂರು, ಆಠೀನು ಆಡುವುದಾದರೆ 30ರವರೆಗೆ ಕೂಗಬಹುದು. ಕಳಾವರ ಗುಲಾಮನೇ ಇಲ್ಲವೆ? ಆಗ ಮೇಲಿನಿಂದ ಎಷ್ಟು ಕಾಣೆಯಾಗಿವೆ ಎಂದು ಎಣಿಸಿ, ಅದಕ್ಕೂ ಬೆಲೆಯಿದೆ. ಮೊದಲ ಕೆಲವು ಸಂಜೆ ಕೂಗದೆ ಎದುರಾಳಿ ಜೋಡಿಯಲ್ಲೇ ಆಡಿ. ಗುಲಾಮರನ್ನೂ ಬಿದ್ದ ಹತ್ತುಗಳನ್ನೂ ಎಣಿಸುವುದು ಅಭ್ಯಾಸವಾದ ಮೇಲೆ ಕೂಗಲು ಇಳಿಯಿರಿ.